ಟಿ-34 ಟ್ಯಾಂಕ್ ಮಾಡೆಲ್ ಮೇಲೆ ವಾಶ್ ಹಾಕಿದ್ದೇ ತಡ, ಮೈಯೆಲ್ಲ ಉಂಗುರ ಕಲೆ, ಚಕ್ರದ ತೋಳೂ ಮುರಿದಿದೆ. ಉಳಿಸಬಹುದಾ?

ಸಣ್ಣಕುಂಚ:
1/35 ಅಳತೆಯ ಪ್ಲಾಸ್ಟಿಕ್ ಟಿ-34/85, ಎರಡನೇ ಮಹಾಯುದ್ಧದ ರಷ್ಯನ್ ಟ್ಯಾಂಕ್. ಪ್ರೈಮರ್, ಅದರ ಮೇಲೆ ಅಕ್ರಿಲಿಕ್ ಹಸಿರು ಏರ್‌ಬ್ರಷ್‌ನಲ್ಲಿ ಎರಡು ತೆಳು ಕೋಟು, ಆಮೇಲೆ ಸ್ಪಂಜಿನಿಂದ ಅಲ್ಲಲ್ಲಿ ಬಣ್ಣ ಕಿತ್ತ ಗುರುತು. ವಾರ್ನಿಶ್ ಇಲ್ಲ. ನೇರವಾಗಿ ಗಾಢ ಕಂದು ಎನಾಮೆಲ್ ವಾಶ್, ಅಂದರೆ ತಿನ್ನರ್‌ನಲ್ಲಿ ನೀರುನೀರಾಗಿಸಿದ ಬಣ್ಣ, ಮೈತುಂಬ ಬಳಿದು ರಾತ್ರಿ ಒಣಗಲು ಬಿಟ್ಟದ್ದು. ಬೆಳಿಗ್ಗೆಗೆ ಮೂರು ಗ್ರಹಚಾರ. ಮುಂಭಾಗದ ಓರೆ ತಗಡಿನ ಮೇಲೆ ಕಾಫಿ ಚೆಲ್ಲಿ ಒಣಗಿದ ಹಾಗೆ ಉಂಗುರಗಳು. ಇಡೀ ಹಸಿರು ಕೊಳಕು ಕಂದಾಗಿದೆ. ಮೂರನೆಯದು ದೊಡ್ಡದು: ಎಡಗಡೆಯ ಎರಡು ಚಕ್ರದ ತೋಳು ಬುಡದಲ್ಲೇ ಸೀಳಿ, ಮುಟ್ಟಿದರೆ ಕೈಗೆ ಬರುತ್ತಿವೆ. ಬಣ್ಣ ಪೂರ್ತಿ ತೆಗೆದು ಮೊದಲಿಂದ ಶುರು ಮಾಡಬೇಕಾ?

ಮರಳುಕಾಗದ:
ತೆಗೆಯಬೇಡಿ. ಮೂರರಲ್ಲಿ ಎರಡು ಇವತ್ತೇ ಸರಿಹೋಗುತ್ತೆ.

ಉಂಗುರ ಬರೋದು ಮ್ಯಾಟ್, ಅಂದರೆ ಹೊಳಪಿಲ್ಲದ ಮೇಲ್ಮೈಯಿಂದ. ಮ್ಯಾಟ್ ಬಣ್ಣ ಕಣ್ಣಿಗೆ ಕಾಣದಷ್ಟು ಒರಟು, ವಾಶ್ ಬಿದ್ದ ಕಡೆಯೇ ಹೀರಿಕೊಳ್ಳುತ್ತೆ, ಸಂದಿಗೆ ಹರಿಯೋದಿಲ್ಲ. ತಿನ್ನರ್ ಆರುವಾಗ ಹನಿಯ ಅಂಚು ಮೊದಲು ಒಣಗುತ್ತೆ, ಕಣಗಳೆಲ್ಲ ಆ ಅಂಚಿಗೆ ಹೋಗಿ ಕೂರುತ್ತವೆ. ಅದೇ ಉಂಗುರ.

ಎನಾಮೆಲ್ ಒಂದು ರಾತ್ರಿಯಲ್ಲಿ ಪೂರ್ತಿ ಗಟ್ಟಿಯಾಗಿರೋದಿಲ್ಲ. ಚಪ್ಪಟೆ ಬ್ರಷ್ಷನ್ನು ವಾಸನೆರಹಿತ ವೈಟ್ ಸ್ಪಿರಿಟ್‌ನಲ್ಲಿ ಅದ್ದಿ, ಟಿಶ್ಯೂ ಮೇಲೆ ಒತ್ತಿ, ತೇವ ಅನ್ನುವಷ್ಟೇ ಉಳಿಸಿ. ಮೇಲಿಂದ ಕೆಳಗೆ ಮಾತ್ರ ಎಳೆಯಿರಿ, ಮಳೆನೀರು ಹರಿಯುವ ದಿಕ್ಕು. ಒಂದೊಂದು ಎಳೆತಕ್ಕೂ ಬ್ರಷ್ ಒರೆಸಿ. ಒಂದು ತಗಡು ಮುಗಿಸಿ ಇನ್ನೊಂದಕ್ಕೆ ಹೋಗಿ, ಎಲ್ಲ ಕಡೆ ಕೈಯಾಡಿಸಬೇಡಿ. ಬ್ರಷ್ಷಿಂದ ತೊಟ್ಟಿಕ್ಕಿದರೆ ಹೊಸ ಉಂಗುರ ಗ್ಯಾರಂಟಿ.

ಗೋಂದುಗೈ:
ತೋಳಿನ ಕಥೆ ಬೇರೆ. ವಾಶ್ ಒಂದರಿಂದಲೇ ಮುರಿದದ್ದಲ್ಲ, ಒತ್ತಡ ಮತ್ತು ತಿನ್ನರ್ ಎರಡೂ ಸೇರಿದ್ದರಿಂದ. ಚಕ್ರವನ್ನು ಬಿಗಿಯಾಗಿ ಒತ್ತಿ ಕೂರಿಸಿದ್ದರೆ, ಇಲ್ಲವೇ ತೋಳು ಸ್ವಲ್ಪ ಬಾಗಿ ಅಂಟಿದ್ದರೆ, ಆ ಜಾಗದ ಪ್ಲಾಸ್ಟಿಕ್ ಸದಾ ಎಳೆತದಲ್ಲಿರುತ್ತೆ. ತಿನ್ನರ್ ಅಲ್ಲಿಗೆ ನುಸುಳಿದರೆ ಕೂದಲೆಳೆಯ ಬಿರುಕು ಹಬ್ಬುತ್ತೆ. ಚಕ್ರದ ಹಿಂದೆ ವಾಶ್ ಮಡುಗಟ್ಟಿ ಗಂಟೆಗಟ್ಟಲೆ ನಿಲ್ಲುತ್ತೆ, ಗಾಳಿಯೂ ಆಡೋದಿಲ್ಲ. ಬಣ್ಣ ತಾಗದ ಬರಿ ಪ್ಲಾಸ್ಟಿಕ್ ಇರುವುದೂ ಅಲ್ಲೇ. ಎಬಿಎಸ್ ಪ್ಲಾಸ್ಟಿಕ್ಕಿನ ಭಾಗಗಳಾದರೆ ಇನ್ನೂ ಬೇಗ ಹೋಗುತ್ತವೆ.

ರಿಪೇರಿಗೆ: ಮುರಿದ ಎರಡೂ ತುದಿಗೆ 0.5 ಮಿ.ಮೀ. ಬಿಟ್‌ನಿಂದ 3 ಮಿ.ಮೀ. ಆಳ ತೂತು, ಅದಕ್ಕೆ 0.5ರ ಹಿತ್ತಾಳೆ ತಂತಿ, ಸೂಪರ್ ಗ್ಲೂ ಒಂದು ಚುಕ್ಕೆ. ಪ್ಲಾಸ್ಟಿಕ್ ಸಿಮೆಂಟ್ ಮಾತ್ರ ಹಾಕಬೇಡಿ, ತಿನ್ನರ್ ಕುಡಿದ ಪ್ಲಾಸ್ಟಿಕ್ ಪುಡಿಪುಡಿಯಾಗಿರುತ್ತೆ, ಹಿಡಿಯೋದಿಲ್ಲ. ಅಂಟು ಹಿಡಿಯೋ ಮೊದಲು ಮಾಡೆಲನ್ನು ಗಾಜಿನ ಮೇಲಿಟ್ಟು ಐದೂ ಚಕ್ರ ನೆಲ ಮುಟ್ಟುತ್ತಿವೆಯಾ ನೋಡಿ.

ಸಣ್ಣಕುಂಚ:
ಎಳೆದದ್ದಾಯ್ತು, ಉಂಗುರ ಮುಕ್ಕಾಲು ಹೋಗಿದೆ. ಹಾಗಾದರೆ ವಾಶ್‌ಗೆ ಮೊದಲು ಗ್ಲಾಸ್ (ಹೊಳಪಿನ) ವಾರ್ನಿಶ್ ಕಡ್ಡಾಯ ಅಂತಾನಾ?

ಮರಳುಕಾಗದ:
ಕಡ್ಡಾಯ.

ಬೂದುಬಣ್ಣ:
ಕಡ್ಡಾಯ ಏನಲ್ಲ, ಮರಳುಕಾಗದದವರು ಎಲ್ಲಕ್ಕೂ ಒಂದೇ ಮದ್ದು ಬರೀತಾರೆ. ಸಂದಿಗೆ, ರಿವೆಟ್ ಸುತ್ತ, ಬೆಸುಗೆ ಗೆರೆಗೆ ಮಾತ್ರ ಹಾಕುವ ಪಿನ್ ವಾಶ್‌ಗೆ ಗ್ಲಾಸ್ ಬೇಕು, ಒಪ್ಪಿದೆ. ಬ್ರಷ್ ತುದಿ ತಾಗಿಸಿದರೆ ಸಾಕು, ಗೆರೆಗುಂಟ ತಾನೇ ಹರಿಯುತ್ತೆ. ಆದರೆ ಫಿಲ್ಟರ್‌ಗೆ, ಅಂದರೆ 95 ಪಾಲು ತಿನ್ನರ್‌ಗೆ 5 ಪಾಲು ಬಣ್ಣ ಹಾಕಿ ಇಡೀ ತಗಡಿಗೆ ತೆಳುವಾಗಿ ಸವರುವ ಕೆಲಸಕ್ಕೆ, ಗ್ಲಾಸ್ ಇದ್ದರೆ ದ್ರವ ಗುಳ್ಳೆಗುಳ್ಳೆಯಾಗಿ ನಿಲ್ಲುತ್ತೆ. ಆಯಿಲ್ ಬಣ್ಣದ ಚುಕ್ಕೆಯಿಟ್ಟು ಹರಡೋದಕ್ಕೂ ಸ್ವಲ್ಪ ಹಿಡಿತ ಬೇಕು. ಅರೆಹೊಳಪಿನ ಸ್ಯಾಟಿನ್ ಹಾಕಿ, ಎರಡಕ್ಕೂ ಆಗುತ್ತೆ.

ಮರಳುಕಾಗದ:
ಸ್ಯಾಟಿನ್ ಮೇಲೆ ಡಿಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಅಂಕಿ-ಗುರುತು, ಹಾಕಿ ತೋರಿಸಿ. ಟಿ-34ರ ಟರೆಟ್ (ತೋಪಿರುವ ತಿರುಗುವ ತಲೆ) ಎರಕದ ಒರಟು ಮೈ. ಡಿಕಾಲ್ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತೆ.

ಬೂದುಬಣ್ಣ:
ಡಿಕಾಲ್ ಕೂರುವ ಜಾಗಕ್ಕೆ ಮಾತ್ರ ಗ್ಲಾಸ್ ಹೊಡೆಯಿರಿ, ಯಾರು ಬೇಡ ಅಂದರು? ಕೆಳಗೆ ಡಿಕಾಲ್ ಕೂರಿಸುವ ದ್ರವ ಮೈಕ್ರೋ ಸೆಟ್, ಡಿಕಾಲ್ ಕೂತ ಮೇಲೆ ಅದನ್ನು ಮೆದುಮಾಡುವ ಮೈಕ್ರೋ ಸಾಲ್. ಸಾಲ್ ಹಾಕಿದಾಗ ಡಿಕಾಲ್ ಸುಕ್ಕುಗಟ್ಟುತ್ತೆ, ಗಾಬರಿಯಾಗಿ ಬೆರಳಿಟ್ಟರೆ ಹರಿದೇಹೋಗುತ್ತೆ. ಸುಮ್ಮನೆ ಬಿಟ್ಟರೆ ತಾನೇ ಎರಕದ ಉಬ್ಬುತಗ್ಗಿಗೆ ಅಂಟಿ ಕೂರುತ್ತೆ. ಆದರೂ ಮಿನುಗಿದರೆ ಸೂಜಿಮೊನೆಯಿಂದ ಚುಚ್ಚಿ ಮತ್ತೊಂದು ಹನಿ ಸಾಲ್.

ಮೂರನೇಕೋಟು:
ಗ್ಲಾಸೋ ಸ್ಯಾಟಿನ್ನೋ ಜಗಳ ಆಮೇಲೆ ಆಡಿ. ಅದಕ್ಕಿಂತ ಮುಖ್ಯ: ಮೇಲಿನ ಪದರದ ದ್ರಾವಕ ಕೆಳಗಿನ ಪದರವನ್ನು ಕರಗಿಸಬಾರದು. ಲ್ಯಾಕರ್ ಕೆಳಗೆ, ಅಕ್ರಿಲಿಕ್ ಮಧ್ಯೆ, ಎನಾಮೆಲ್ ಮತ್ತು ಆಯಿಲ್ ಮೇಲೆ. ಇದು ತಪ್ಪಿದರೆ ಯಾವ ವಾರ್ನಿಶ್ಶೂ ಕಾಪಾಡೋದಿಲ್ಲ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳ್ತಾರೆ. ಜಪಾನಿನ ತಾಮಿಯಾ ಕಂಪನಿಯ ಅಕ್ರಿಲಿಕ್ ಹೆಸರಿಗೆ ಅಕ್ರಿಲಿಕ್ ಆದರೂ ಆಲ್ಕೋಹಾಲ್‌ನಲ್ಲಿ ಕರಗುತ್ತೆ, ಒಣಗಿದ ಮೇಲೂ. ಕೆಸರಿನ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಕೂರಿಸಹೋದರೆ ಕೆಳಗಿನ ಹಸಿರೇ ಎದ್ದು ಬರುತ್ತೆ. ಮಧ್ಯೆ ಗಟ್ಟಿ ವಾರ್ನಿಶ್ ಇಲ್ಲದಿದ್ದರೆ ಪುಡಿಗೆ ವೈಟ್ ಸ್ಪಿರಿಟ್ ಮಾತ್ರ.

ಸಣ್ಣಕುಂಚ:
ಸರಿ. ಇನ್ನು ತುಕ್ಕು. ತಗಡಿನ ಅಂಚಿಗೆಲ್ಲ ಕಿತ್ತಳೆ ತುಕ್ಕು ಕೊಡೋಣ ಅಂತಿದೆ, ಆಗ ಕಂದು ಕಲೆ ಉಳಿದದ್ದೂ ಅದರಲ್ಲಿ ಸೇರಿಹೋಗುತ್ತೆ ಅಲ್ವಾ?

ಐದುಚಕ್ರ:
ಅಯ್ಯೋ ಬೇಡ ಮಾರಾಯ್ರೇ! ಓಡುತ್ತಿರುವ ಟ್ಯಾಂಕಿಗೆ ಯಾಕೆ ಕಿತ್ತಳೆ ತುಕ್ಕು? ಹಾಳು ಬಿದ್ದ ಟ್ರ್ಯಾಕ್ಟರಾ ಅದು?

ಮೊದಲು ಅಳತೆ ಲೆಕ್ಕ ಹಾಕಿ. ಸ್ಪಂಜಿನಲ್ಲಿ 1 ಮಿ.ಮೀ. ಚುಕ್ಕೆ ಬಿದ್ದರೆ ನಿಜದಲ್ಲಿ ಅದು 35 ಮಿ.ಮೀ. ಅಂಥ ನೂರು ಚುಕ್ಕೆ ಇದ್ದರೆ ಟ್ಯಾಂಕಿಗೆ ಸಿಡುಬು ಎದ್ದ ಹಾಗೆ. ಕೂದಲೆಳೆ ಬ್ರಷ್‌ನಲ್ಲಿ 0.2, 0.3 ಮಿ.ಮೀ. ಇಟ್ಟರೆ ನಿಜದ 7ರಿಂದ 10 ಮಿ.ಮೀ. ಆಗುತ್ತೆ, ಅದು ನಂಬುವ ಗಾತ್ರ. ಅದೂ ಎಲ್ಲ ಅಂಚಿಗೂ ಅಲ್ಲ. ಸಿಬ್ಬಂದಿ ಬೂಟು ಉಜ್ಜುವ ಮುಚ್ಚಳದ ಸುತ್ತ, ಚಾಲಕನ ಬಾಗಿಲಂಚು, ಹಿಡಿಕೆಗಳು, ಮಣ್ಣುತಡೆ ತಗಡಿನ ಹೊರತುದಿ. ಟರೆಟ್ಟಿನ ಪಕ್ಕದ ನಡುಮಧ್ಯೆ ಯಾರು ಹೋಗಿ ಉಜ್ಜುತ್ತಾರೆ?

ದಪ್ಪ ಕವಚದ ಉಕ್ಕು ಬಣ್ಣ ಕಳಕೊಂಡರೆ ಮೊದಲು ಕಪ್ಪು ಮಿಶ್ರಿತ ಗಾಢ ಕಂದು. ಕಿತ್ತಳೆ ಹೊಸ ತುಕ್ಕು, ಅದನ್ನು ಎಣಿಸಿ ನಾಲ್ಕೈದು ಕಡೆ ಇಟ್ಟರೆ ಸಾಕು. ಟಿ-34ರಲ್ಲಿ ತುಕ್ಕಿಗೆ ಹಕ್ಕಿನ ಜಾಗ ಹಿಂದಿನ ಎರಡು ಹೊಗೆಕೊಳವೆ. ಅಲ್ಲಿ ಶಾಖಕ್ಕೆ ಬಣ್ಣ ನಿಲ್ಲೋದೇ ಇಲ್ಲ. ಅದರ ಸುತ್ತ ಡೀಸೆಲ್ ಮಸಿ, ಕಪ್ಪಲ್ಲ, ಕಂದುಗಪ್ಪು.

ಕೆಸರುಗದ್ದೆ:
ಸುಟ್ಟ ಟ್ಯಾಂಕ್ ಮಾಡೋದಾದರೆ ಮಾತ್ರ ಕಿತ್ತಳೆ ಧಾರಾಳ. ಬೆಂಕಿಗೆ ಬಣ್ಣ ಉರಿದುಹೋದ ಉಕ್ಕು ಕೆಲವೇ ದಿನದಲ್ಲಿ ಕೆಂಪಾಗುತ್ತೆ. ಆದರೆ ಹಾಗೆ ಮಾಡಿದವರು ಚಕ್ರದ ರಬ್ಬರು ಹಾಗೇ ಬಿಟ್ಟಿರ್ತಾರೆ! ರಬ್ಬರೂ ಉರಿದುಹೋಗಬೇಕು, ಚಕ್ರ ಬರಿ ಉಕ್ಕಿನ ಮೇಲೆ ಕೂತು ಟ್ಯಾಂಕ್ ಅಷ್ಟು ತಗ್ಗಬೇಕು, ಕೆಳಗೆ ಬೂದಿ ಬೀಳಬೇಕು.

ಟರೆಟ್‌ತಿಮ್ಮ:
ಗೀರಿನ ಕೆಳಗೆ ಯಾವ ಬಣ್ಣ ಕಾಣಬೇಕು ಅನ್ನೋದಕ್ಕೂ ಇತಿಹಾಸ ಬೇಕು. ಜರ್ಮನ್ ಟ್ಯಾಂಕುಗಳ ಮೂಲ ಬಣ್ಣ 1943ರ ಫೆಬ್ರವರಿಯಲ್ಲಿ ಗಾಢ ಬೂದಿನಿಂದ ಗಾಢ ಹಳದಿಗೆ ಬದಲಾಯಿತು, ಅಂದರೆ ಜರ್ಮನ್ ಬಣ್ಣಪಟ್ಟಿಯ ಆರ್‌ಎಎಲ್ 7021ರಿಂದ 7028ಕ್ಕೆ. ಆಮೇಲೆ ಕಾರ್ಖಾನೆಯಿಂದ ಬಂದದ್ದಕ್ಕೆ ಹಳದಿ ಕೆಳಗೆ ಕೆಂಗಂದು ಪ್ರೈಮರ್. ಹಳೆಯ ಗಾಡಿಗೆ ರಣರಂಗದಲ್ಲೇ ಹಳದಿ ಬಳಿದಿದ್ದರೆ ಗೀರಿದಾಗ ಮೊದಲು ಬೂದು ಕಾಣಬೇಕು. ಕಿಟ್ ಯಾವ ತಿಂಗಳಿನ ಗಾಡಿ ಅಂತ ನೋಡದೆ ಸ್ಪಂಜು ಎತ್ತಬಾರದು.

ಸಣ್ಣಕುಂಚ:
ನಮ್ಮದು ರಷ್ಯನ್ ಗಾಡಿ ಕಣ್ರೀ.

ಟರೆಟ್‌ತಿಮ್ಮ:
ಗೊತ್ತು. ಯಾವುದಕ್ಕೂ ಹೇಳಿದ್ದು. ರಷ್ಯನ್ ಅಂದ ಮೇಲೆ ಕೇಳ್ತೀನಿ, 4ಬಿಒ, ಅಂದರೆ ರಷ್ಯನ್ ಟ್ಯಾಂಕುಗಳ ಆಗಿನ ಹಸಿರಿಗೆ ಯಾವ ಬಣ್ಣ ಹಾಕಿದ್ದು? ತಾಮಿಯಾದ ಗಾಢ ಹಸಿರು ಎಕ್ಸ್‌ಎಫ್-61 ಬಾಟಲಿಯಿಂದ ನೇರ ಹೊಡೆದಿದ್ದರೆ ಅತಿ ಗಾಢ, ಅದು 4ಬಿಒ ಅಲ್ಲವೇ ಅಲ್ಲ.

ಬೂದುಬಣ್ಣ:
ಬಂತು ನೋಡಿ ಹಸಿರಿನ ಪುರಾಣ. ಇನ್ನು ನಲವತ್ತು ಉತ್ತರ ಇದೇ.

ಮೂರನೇಕೋಟು:
ಪುರಾಣ ಚಿಕ್ಕದಾಗಿ ಮುಗಿಸೋಣ. ವಾಶ್, ಫಿಲ್ಟರ್ ಎರಡೂ ಬಣ್ಣವನ್ನು ಕಪ್ಪಾಗಿಸುತ್ತವೆ. ಧೂಳು ಮಾತ್ರ ತಿಳಿಯಾಗಿಸುತ್ತೆ. ಹಾಗಾಗಿ ಕೊನೆಗೆ ಬೇಕಾದ ಹಸಿರಿಗಿಂತ ಒಂದು ಮೆಟ್ಟಿಲು ತಿಳಿಯಾಗಿ ಶುರುಮಾಡಬೇಕು. ಎಕ್ಸ್‌ಎಫ್-61 ಇದ್ದರೆ ಹತ್ತಕ್ಕೆ ಮೂರು ಪಾಲು ಬಫ್ (ತಿಳಿ ಮರಳುಬಣ್ಣ) ಇಲ್ಲವೇ ಹಳದಿ ಬೆರೆಸಿ. ಬರಿ ಬಿಳಿ ಬೆರೆಸಿದರೆ ಸುಣ್ಣದ ಹಸಿರಾಗುತ್ತೆ, ಜೀವ ಇರೋದಿಲ್ಲ. ಈಗಾಗಲೇ ಕಪ್ಪಾಗಿರೋದಕ್ಕೆ ಉಪಾಯ ಆಯಿಲ್ ಬಣ್ಣ. ಬಫ್, ತಿಳಿಹಸಿರು, ಸ್ವಲ್ಪ ಹಳದಿ, ಇವನ್ನು ರಟ್ಟಿನ ಮೇಲೆ ಅರ್ಧ ಗಂಟೆ ಬಿಡಿ. ರಟ್ಟು ಎಣ್ಣೆ ಹೀರಿದರೆ ಬೇಗ ಒಣಗುತ್ತೆ, ಹೊಳಪೂ ಬರೋದಿಲ್ಲ. ಪ್ರತಿ ತಗಡಿನ ಮೇಲ್ಭಾಗಕ್ಕೆ ಸಾಸಿವೆಗಿಂತ ಸಣ್ಣ ಚುಕ್ಕೆಗಳಿಟ್ಟು, ತೇವದ ಬ್ರಷ್‌ನಲ್ಲಿ ಕೆಳಕ್ಕೆ ಎಳೆದು ಮಾಯಮಾಡಿ. ಮೇಲ್ಭಾಗ ತಿಳಿ, ಕೆಳಭಾಗ ಗಾಢ. ಉಳಿದ ಉಂಗುರವೂ ಇದರಡಿ ಅಡಗುತ್ತೆ, ತುಕ್ಕಿನ ಸಹಾಯ ಬೇಡ.

ಪುಡಿಡಬ್ಬಿ:
ಬಣ್ಣ ಕಿತ್ತ ಗುರುತಿಗೆ ಹೇರ್‌ಸ್ಪ್ರೇ ವಿಧಾನ ಯಾರೂ ಹೇಳಲೇ ಇಲ್ಲವಲ್ಲ? ಸ್ಪಂಜಿಗಿಂತ ಸಾವಿರ ಪಾಲು ಮೇಲು.

ಮೂರನೇಕೋಟು:
ಈ ಮಾಡೆಲ್‌ಗೆ ಈಗ ತಡ, ಎನಾಮೆಲ್ ಬಿದ್ದಾಗಿದೆ. ಮುಂದಿನದಕ್ಕೆ, ಅದರಲ್ಲೂ ಚಳಿಗಾಲದ ಬಿಳಿ ಸುಣ್ಣ ಬಳಿದ ಟಿ-34ಕ್ಕೆ, ಅದನ್ನು ಮೀರಿಸಿದ್ದಿಲ್ಲ. ಕೆಳಗಿನ ಹಸಿರು ಲ್ಯಾಕರ್ ಆಗಿರಬೇಕು, ಇಲ್ಲವೇ ವಾರ್ನಿಶ್ ಆಗಿರಬೇಕು. ಒಂದಡಿ ದೂರದಿಂದ ಹೇರ್‌ಸ್ಪ್ರೇ ಎರಡು ತೆಳು ಕೋಟು, ಕಾಲು ಗಂಟೆ ಬಿಟ್ಟು ಮೇಲೆ ಅಕ್ರಿಲಿಕ್ ಬಿಳಿ. ಬಿಳಿ ಮುಟ್ಟಲು ಒಣಗಿದ ಕೂಡಲೇ ಕೆಲಸ ಶುರು: ಉಗುರುಬೆಚ್ಚಗಿನ ನೀರು ಸವರಿ, ಅರ್ಧ ನಿಮಿಷ ಕಾದು, ಕೂದಲು ಗಿಡ್ಡ ಕತ್ತರಿಸಿದ ಗಡುಸು ಬ್ರಷ್‌ನಲ್ಲಿ ಕುಟ್ಟಿ. ಉದ್ದ ಗೀರಿಗೆ ಹಲ್ಲುಕಡ್ಡಿ.

ಕೆಡೋದು ಮೂರು ಕಡೆ. ಮೇಲಿನ ಬಣ್ಣ ದಪ್ಪವಾದರೆ ನೀರು ಒಳಗೆ ಇಳಿಯೋದಿಲ್ಲ. ಲ್ಯಾಕರ್ ತಿನ್ನರ್‌ನಲ್ಲಿ ತೆಳುಮಾಡಿ ಹೊಡೆದರೆ ಅದು ಕಚ್ಚಿಕೊಂಡು ಕೂರುತ್ತೆ, ನೀರಲ್ಲೇ ತೆಳುಮಾಡಬೇಕು. ಇನ್ನು ವ್ಯಾಲೆಹೊ ಕಂಪನಿಯ ಥರದ ಅಕ್ರಿಲಿಕ್ ಬಣ್ಣಗಳು ರಬ್ಬರ್ ಹಾಳೆಯಂತೆ ಪಟ್ಟಿಪಟ್ಟಿಯಾಗಿ ಏಳುತ್ತವೆ. ಮುಗಿದ ಮೇಲೆ ವಾರ್ನಿಶ್ ಹೊಡೆಯದೆ ನೀರಿನ ವಾಶ್ ಹಾಕಿದಿರೋ, ಅಡಿಯ ಹೇರ್‌ಸ್ಪ್ರೇ ಮತ್ತೆ ಎಚ್ಚರವಾಗುತ್ತೆ.

ಗೋಂದುಗೈ:
ಲ್ಯಾಕರ್ ಮಾತು ಬಂದಿದ್ದಕ್ಕೆ: ಧೂಳಿನ ಮಾಸ್ಕು ಲ್ಯಾಕರ್ ಆವಿಯನ್ನು ತಡೆಯೋದಿಲ್ಲ. ಎನ್95 ಕಣಗಳಿಗೆ ಮಾತ್ರ. ಇದ್ದಿಲ ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು, ಗಾಳಿ ಹೊರಹೋಗಬೇಕು.

ಪುಡಿಡಬ್ಬಿ:
ಕಿಟಕಿ ತೆಗೆದರೆ ಸಾಲದಾ?

ಗೋಂದುಗೈ:
ಸಾಲದು.

ಐದುಚಕ್ರ:
ಟ್ರ್ಯಾಕ್ ಬಗ್ಗೆ ಒಂದು ಮಾತು. ಕಿಟ್‌ನಲ್ಲಿ ಬಂದ ವಿನೈಲ್ ಪಟ್ಟಿಯನ್ನು ಮೇಲೆ ನೆಟ್ಟಗೆ ತಂತಿಯಂತೆ ಬಿಗಿದಿದ್ದರೆ ವೆದರಿಂಗ್ (ಹಳತಾಗಿ ಕಾಣಿಸುವ ಕೆಲಸ) ಎಷ್ಟು ಚೆನ್ನಾಗಿದ್ದರೂ ದಂಡ. ಟಿ-34ಕ್ಕೆ ಮೇಲೆ ಉರುಳೆಗಳಿಲ್ಲ, ಟ್ರ್ಯಾಕ್ ಜೋತುಬಿದ್ದು ಚಕ್ರಗಳ ತಲೆಯ ಮೇಲೆ ಕೂರುತ್ತೆ. ಅಮೆರಿಕದ ಶರ್ಮನ್ ಟ್ಯಾಂಕಿನದು ಹಾಗಲ್ಲ. ಅದರ ಕೊಂಡಿಗಳ ಪಿನ್ನಿಗೆ ರಬ್ಬರ್ ಹೊದಿಕೆ, ಮೇಲೆ ಉರುಳೆ, ಅದು ಬಿಗಿಯಾಗೇ ಇರಬೇಕು. ಶರ್ಮನ್ ಟ್ರ್ಯಾಕನ್ನು ಜೋತುಬಿಡಿಸಿದವರನ್ನೂ ನೋಡಿದ್ದಾಗಿದೆ.

ವಿನೈಲ್ ಆದರೆ ಚಕ್ರದ ತಲೆಗೆ ಸೂಪರ್ ಗ್ಲೂ ಇಟ್ಟು, ಮಣ್ಣುತಡೆ ತಗಡಿಗೂ ಟ್ರ್ಯಾಕಿಗೂ ನಡುವೆ ಸ್ಪಂಜಿನ ತುಂಡು ತುರುಕಿ ಒಣಗುವವರೆಗೆ ಒತ್ತಿಡಿ. ಬಿಡಿ ಕೊಂಡಿಯದಾದರೆ ಒಂದು ಬದಿಗೆ ಸುಮಾರು 72 ಕೊಂಡಿ, ಹಲ್ಲಿರುವುದೊಂದು ಹಲ್ಲಿಲ್ಲದ್ದೊಂದು. ಲೆಕ್ಕ ತಪ್ಪಿ ಹಲ್ಲಿನವು ಎರಡು ಒಟ್ಟಿಗೆ ಬಂದರೆ ಹಿಂದಿನ ಚಾಲನಾ ಚಕ್ರಕ್ಕೆ ಕೂರೋದೇ ಇಲ್ಲ.

ಮರಳುಕಾಗದ:
ವಿನೈಲ್ ಬಗ್ಗೆ ಇನ್ನೊಂದು. ಅದರೊಳಗಿನ ಮೆದುಕಾರಕ ಎಣ್ಣೆ ವರ್ಷಗಳು ಕಳೆದಂತೆ ಹೊರಬಂದು ತಾಗಿದ ಪ್ಲಾಸ್ಟಿಕ್ ಚಕ್ರವನ್ನೇ ಕರಗಿಸಬಹುದು. ಕಿಟ್ ಪೆಟ್ಟಿಗೆಯಲ್ಲಿ ವಿನೈಲನ್ನು ಸ್ಪ್ರೂಗೆ (ಭಾಗಗಳಿರುವ ಪ್ಲಾಸ್ಟಿಕ್ ಚೌಕಟ್ಟಿಗೆ) ತಾಗದಂತೆ ಬೇರೆ ಚೀಲದಲ್ಲಿಡಿ.

ಐದುಚಕ್ರ:
ಬಣ್ಣದಲ್ಲಿ, ಬೆಳ್ಳಿ ಬಳಿಯಬೇಡಿ. ಟ್ರ್ಯಾಕಿಗೆ ಗಾಢ ಕಂದು, ಮೇಲೆ ಮಣ್ಣಿನ ಪುಡಿ, ಕೊನೆಗೆ ನೆಲಕ್ಕೆ ಉಜ್ಜುವ ಉಬ್ಬಿಗೆ ಮತ್ತು ಹಲ್ಲಿನ ತುದಿಗೆ ಮೆತ್ತನೆಯ ಪೆನ್ಸಿಲ್ ಸೀಸ. 4ಬಿ, 6ಬಿ ಚೆನ್ನಾಗಿ ಕೂರುತ್ತೆ. ಚಕ್ರ ಉರುಳುವ ಒಳದಾರಿಗೆ ಹೆಚ್ಚು ಹೊಳಪು ಬೇಡ, ಅಲ್ಲಿ ಉಜ್ಜುವುದು ರಬ್ಬರು.

ಪುಡಿಡಬ್ಬಿ:
ಸ್ವಲ್ಪ ಆಚೆ ಹೋಗ್ತೀನಿ. ಈ 1/35 ಅನ್ನೋ ವಿಚಿತ್ರ ಅಳತೆ ಎಲ್ಲಿಂದ ಬಂತು? 1/36 ಆಗಿದ್ದರೆ ಇಂಚು-ಗಜಕ್ಕೆ ಹೊಂದುತ್ತಿತ್ತು.

ಟರೆಟ್‌ತಿಮ್ಮ:
ಬ್ಯಾಟರಿಯಿಂದ. 1961ರಲ್ಲಿ ತಾಮಿಯಾ ಮೋಟಾರಿನ ಪ್ಯಾಂಥರ್ ಟ್ಯಾಂಕ್ ತಂದಾಗ ಒಳಗೆ ಬ್ಯಾಟರಿ ಹಿಡಿಸಬೇಕಿತ್ತು. ಅದಕ್ಕೆ ತಕ್ಕ ಹಾಗೆ ಗಾತ್ರ ಇಟ್ಟರು, ಆಮೇಲೆ ಅಳೆದರೆ ಸುಮಾರು 1/35 ಅಂತ ಬಂತು. ಮುಂದೆ ಬಂದವರೆಲ್ಲ ಅದನ್ನೇ ಹಿಡಿದರು.

ಬೂದುಬಣ್ಣ:
ಟೋಪಿಗೆ ತಕ್ಕ ತಲೆ ಅನ್ನಿ.

ಸಣ್ಣಕುಂಚ:
ಮತ್ತೆ ವಿಷಯಕ್ಕೆ. ಆಯಿಲ್ ಕೆಲಸ ಮುಗಿದಿದೆ, ಹಸಿರು ಮರಳಿ ಬಂದಿದೆ. ಕೆಳಭಾಗಕ್ಕೆ ಧೂಳಿನ ಪುಡಿ ಹಾಕಿ ಭದ್ರವಾಗಿರಲಿ ಅಂತ ಮ್ಯಾಟ್ ವಾರ್ನಿಶ್ ಹೊಡೆದರೆ ಪುಡಿ ಕಾಣೆಯಾಯಿತು! ಎಲ್ಲಿ ಹೋಯ್ತು?

ಪುಡಿಡಬ್ಬಿ:
ಅಲ್ಲೇ ಇದೆ. ಪುಡಿ ಬೆಳ್ಳಗೆ ಕಾಣೋದು ಕಣಗಳ ನಡುವೆ ಗಾಳಿ ಇರೋದರಿಂದ. ವಾರ್ನಿಶ್ ಆ ಸಂದು ತುಂಬಿತು, ಪಾರದರ್ಶಕ ಆಯಿತು. ಹಾಗಾಗಿ ವಾರ್ನಿಶ್ ಮೊದಲು, ಪುಡಿ ಕೊನೆಗೆ. ಮ್ಯಾಟ್ ಮೇಲೆ ಒಣ ಪುಡಿಯನ್ನು ಬ್ರಷ್‌ನಿಂದ ಉದುರಿಸಿ, ಪಕ್ಕದಲ್ಲಿ ವೈಟ್ ಸ್ಪಿರಿಟ್ ಹನಿ ತಾಗಿಸಿ, ಅದು ತಾನೇ ಹೀರಲಿ. ಪುಡಿಯ ಮೇಲೇ ಹನಿ ಬಿಟ್ಟರೆ ಗುಳಿ ಬೀಳುತ್ತೆ. ಒದ್ದೆಯಿದ್ದಾಗ ಕಪ್ಪಾಗಿ ಕಂಡು ಹೆಚ್ಚಾಯ್ತೇನೋ ಅನಿಸುತ್ತೆ, ಕೈಹಾಕಬೇಡಿ. ಒಂದೆರಡು ಗಂಟೆ ಬಿಟ್ಟು ನೋಡಿ, ನಿಜವಾದ ಬಣ್ಣ ಆಗ ಬರೋದು. ಸಾಲದಿದ್ದರೆ ಇನ್ನೊಂದು ಸಲ. ಬೆರಳು ತಾಗಿದರೆ ಒರೆಸಿಹೋಗುತ್ತೆ, ಅದಕ್ಕೇ ಟರೆಟ್ ಹಿಡಿದು ಎತ್ತೋದು ಕಲೀಬೇಕು.

ಗೋಂದುಗೈ:
ಟರೆಟ್ ಹಿಡಿದು ಎತ್ತಿದರೆ ಹಲ್ (ಟ್ಯಾಂಕಿನ ಕೆಳಮೈ) ಬೀಳುತ್ತೆ ಸ್ವಾಮಿ! ಬೇಸ್‌ಗೆ ಕೂರಿಸಿ ಬೇಸ್ ಹಿಡಿಯಿರಿ.

ಕೆಸರುಗದ್ದೆ:
ಬೇಸ್ ಅಂದ ಕೂಡಲೇ ನಮ್ಮ ಸರದಿ. ಒತ್ತು ಫೋಮ್ ಹಲಗೆ ಮೇಲೆ ಭೂಮಿ ಕೆತ್ತಿ, ಆದರೆ ಫೋಮಿಗೆ ಸ್ಪ್ರೇ ಡಬ್ಬಿಯ ಬಣ್ಣ ನೇರ ಹೊಡೆಯಬೇಡಿ, ಕರಗಿ ಗುಂಡಿ ಬೀಳುತ್ತೆ. ಮೊದಲು ಬಿಳಿ ಗೋಂದು ಇಲ್ಲವೇ ಅಕ್ರಿಲಿಕ್ ಬಣ್ಣದಿಂದ ಮುಚ್ಚಿ. ಕೆಸರಿಗೆ ಪ್ಲಾಸ್ಟರ್, ಜರಡಿ ಹಿಡಿದ ಮಣ್ಣು, ಕಂದು ಪುಡಿ, ಅಕ್ರಿಲಿಕ್ ಮೀಡಿಯಂ, ಕತ್ತರಿಸಿದ ಒಂದಿಷ್ಟು ಹುಲ್ಲಿನ ನಾರು, ಗಟ್ಟಿ ಮೊಸರಿನ ಹದಕ್ಕೆ. ಇದೇ ಮಿಶ್ರಣ ಚಕ್ರಕ್ಕೂ ಹೋಗಬೇಕು. ನೆಲ ಕೆಂಪು, ಟ್ಯಾಂಕಿನ ಕೆಸರು ಕಪ್ಪು ಅಂತಾದರೆ ಗಾಡಿ ಬೇರೆ ಜಿಲ್ಲೆಯಿಂದ ಬಂದ ಹಾಗೆ.

ಹುಲ್ಲಿಗೂ ಅಳತೆ ಹಿಡಿಯಿರಿ. 2 ಮಿ.ಮೀ. ನಾರು ಅಂದರೆ 7 ಸೆಂ.ಮೀ. ಹುಲ್ಲು, 6 ಮಿ.ಮೀ. ಅಂದರೆ 21 ಸೆಂ.ಮೀ. ಎರಡನ್ನೂ ಬೆರೆಸಿ, ಒಂದೇ ಎತ್ತರವಾದರೆ ಕ್ರಿಕೆಟ್ ಮೈದಾನ.

ನೀರಿನ ಗುಂಡಿಗೆ ಎಪಾಕ್ಸಿ ಸಲಕ್ಕೆ 2, 3 ಮಿ.ಮೀ.ಗಿಂತ ಹೆಚ್ಚು ಸುರಿಯಬೇಡಿ, ಗಟ್ಟಿಯಾಗುವಾಗ ಕಾದು ಬಿರಿಯುತ್ತೆ. ಪಾಲಿಯೆಸ್ಟರ್ ರೆಸಿನ್ ಆದರೆ ಫೋಮನ್ನೇ ತಿನ್ನುತ್ತೆ. ಒದ್ದೆ ಹೊಳಪು ಗುಂಡಿಯ ತಳಕ್ಕೂ ಚಕ್ರದ ಅಡಿಗೂ ಮಾತ್ರ. ಮೇಲೆ ಹೋದಂತೆ ಕೆಸರು ಒಣಗಿ ತಿಳಿಯಾಗಬೇಕು.

ಸಣ್ಣಕುಂಚ:
ಟ್ಯಾಂಕನ್ನು ನೆಲ ಒಣಗುವ ಮೊದಲು ಕೂರಿಸೋದಾ, ಆಮೇಲಾ?

ಕೆಸರುಗದ್ದೆ:
ಹಸಿಯಲ್ಲೇ ಒತ್ತಬೇಕು. ನಿಜದ ಟಿ-34/85 32 ಟನ್, ಹುಲ್ಲಿನ ಮೇಲೆ ತೇಲುವಂತೆ ಕಂಡರೆ ಮುಗಿಯಿತು. ಆದರೆ ಬಣ್ಣವಾದ ಮಾಡೆಲನ್ನೇ ಒತ್ತಬೇಡಿ. ತೋಳು ಬೇರೆ ಹೊಸದಾಗಿ ಅಂಟಿಸಿದ್ದು! ಉಳಿದ ಟ್ರ್ಯಾಕ್ ತುಂಡನ್ನು ನೀರಲ್ಲಿ ಅದ್ದಿ 2, 3 ಮಿ.ಮೀ. ಆಳಕ್ಕೆ ಒತ್ತಿ ಎತ್ತಿ. ಒಣಗಿದ ಮೇಲೆ ಟ್ಯಾಂಕನ್ನು ಆ ಅಚ್ಚಿಗೇ ಕೂರಿಸಿ, ಬೇಸಿನ ಅಡಿಯಿಂದ ಟ್ಯಾಂಕಿನ ಹಲ್‌ಗೆ ಒಂದು ಸ್ಕ್ರೂ, ಸಂದಿಗೆ ಅದೇ ಕೆಸರು. ಹಿಂದಕ್ಕೆ ಉಳಿಯುವ ಅಚ್ಚು 14 ಮಿ.ಮೀ. ಅಗಲ ಇರಲಿ, ನಿಜದ್ದು 500 ಮಿ.ಮೀ.

ಐದುಚಕ್ರ:
ಅಚ್ಚು ನೆಟ್ಟಗಿದ್ದರೆ ಅಷ್ಟು ಸಾಕು. ಗಾಡಿ ತಿರುಗಿದ ಹಾಗೆ ತೋರಿಸೋದಾದರೆ ತಿರುವಿನಲ್ಲಿ ಕೊಂಡಿಯ ಗುರುತು ಅಳಿಸಿಹೋಗಿರಬೇಕು. ಅಲ್ಲಿ ಟ್ರ್ಯಾಕ್ ಅಡ್ಡಕ್ಕೆ ಉಜ್ಜುತ್ತೆ, ಮಣ್ಣು ಒಂದು ಬದಿಗೆ ದಿಬ್ಬ ಕಟ್ಟುತ್ತೆ.

ಸಣ್ಣಕುಂಚ:
ನೆಟ್ಟಗೇ ಇರಲಿ ಬಿಡಿ.